ಸತ್ತ ರಾಜನ ಕೆಮ್ಮು

ಕುವಾಂಗ್ ಸತ್ತು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಆಗಿರಲಿಲ್ಲ, ಕೆಮ್ಮಿಬಿಟ್ಟ.

ಅದು ಗಂಟಲು ಸರಿಮಾಡಿಕೊಳ್ಳುವ ಸಣ್ಣ ಕೆಮ್ಮಲ್ಲ. ಕಲ್ಲು ಹಾಸಿನ ಮೇಲೆ ಭಾರದ ಬೆಂಚನ್ನು ಈ ಗೋಡೆಯಿಂದ ಆ ಗೋಡೆಗೆ ದರದರ ಎಳೆದ ಹಾಗೆ ಎದೆಯ ತಳದಿಂದ ಹೊರಟ ಕೆಮ್ಮು. ಅವನ ಎದೆಯ ಮೇಲೆ ತಲೆಯಿಟ್ಟು ಗೋಳಾಡುತ್ತಿದ್ದ ರಾಣಿ ಬೆಚ್ಚಿ ಎದ್ದು ನಿಂತಳು. ತಾಳ ಹಾಕುತ್ತಿದ್ದವನ ಕೈ ಜಾರಿ, ಒಂದು ತಾಳ ಉರುಳುರುಳಿ ಹೋಗಿ ಚಹಾ ಒಲೆಯ ಬುಡದಲ್ಲಿ ಬಿತ್ತು.

ರಾಣಿ ಎಂದರೆ ಯಾನ್ ಮೇಷ್ಟ್ರು. ದೋಣಿಕಟ್ಟೆಯಲ್ಲಿ ಟಿಕೆಟ್ ಹರಿದು ನಿವೃತ್ತರಾದವರು, ಈಗ ನಮ್ಮ ಚಹಾಮನೆಯ ಆಟದ ಕೂಟಕ್ಕೆ ಯಜಮಾನರು. ಅರವತ್ತು ದಾಟಿದರೂ ಹದಿನಾರರ ಹುಡುಗಿಯ ಕಂಠ. ಆ ಕಂಠವನ್ನು ಕೇಳಲು ನದಿಯ ಆಚೆ ದಡದಿಂದಲೂ ಜನ ಬರುತ್ತಿದ್ದರು.

"ದೊರೆ ಕೆಮ್ಮಿದ ಅಂದ್ರೆ ದೊರೆ ಬದುಕಿದ್ದಾನೆ" ಎಂದರು ಮೇಷ್ಟ್ರು, ಕೈ ಕಟ್ಟಿಕೊಂಡು. "ಬದುಕಿದ್ರೆ ನಾನ್ಯಾಕೆ ಅಳ್ಬೇಕು? ಮಗನಿಗೆ ಪಟ್ಟ ಯಾಕೆ ಕಟ್ಬೇಕು? ಆಟ ಅಲ್ಲಿಗೇ ಮುಗೀತು. ಎಲ್ರೂ ಚಹಾ ಕುಡಿದು ಮನೆಗೆ ಹೋಗೋಣ."

"ಮೇಷ್ಟ್ರೇ, ತಡ್ಕೊಂಡೆ. ತಡ್ಕೊಂಡಷ್ಟೂ ಒಳಗೆ ಅದು ಬೆಳೀತು."

"ನೋಡು ಕುವಾಂಗ್, ನಾಳೆ ಸಂಜೆ ಆಟ. ಎದೆ ಸುಮ್ಮನಿದ್ರೆ ಬಂದು ಮಲಕ್ಕೋ. ಇಲ್ದಿದ್ರೆ ಕ್ಷೌರದ ಲೈ ಮಲಕ್ಕೊಳ್ತಾನೆ. ಅವನು ಆಗ್ಲೇ ಹೂಂ ಅಂದಿದಾನೆ."

ಕುವಾಂಗನಿಗೆ ಈ ಮಾತು ಕೆಮ್ಮಿಗಿಂತ ಜೋರಾಗಿ ಎದೆಗೆ ಬಡಿಯಿತು. ಮೂವತ್ತು ವರ್ಷ ಹತ್ತಿ ಹಿಂಜಿದವನು ಅವನು. ಹೆಗಲಿಗೆ ಬಿಲ್ಲು ಕಟ್ಟಿಕೊಂಡು ಊರಿನ ಅರ್ಧ ಮದುವೆಗಳಿಗೆ ರಜಾಯಿ ಮಾಡಿಕೊಟ್ಟಿದ್ದ. ಹತ್ತಿಯ ದೂಳು ಎದೆಯೊಳಗೆ ಇಳಿದು ಅಲ್ಲೇ ಒಂದು ರಜಾಯಿ ಹಾಸಿಕೊಂಡು ಕೂತಿತ್ತು. ಹಿಂಜುವಾಗೆಲ್ಲ ಬಿಲ್ಲಿನ ತಂತಿಯ ಜೊತೆ ಆಟದ ಪದ ಗುನುಗುತ್ತಿದ್ದ, ಒಂದು ದಿನ ತಾನೂ ಬಣ್ಣ ಹಚ್ಚಬೇಕೆಂದು. ಆದರೆ ಅವನು ಬಾಯಿ ಬಿಟ್ಟು ಹಾಡಿದರೆ ಚಹಾಮನೆಯ ಬೆಕ್ಕು ಎದ್ದು ಹೊರಗೆ ಹೋಗುತ್ತಿತ್ತು. ಕುಣಿಯಲು ಮಂಡಿ ಒಪ್ಪುತ್ತಿರಲಿಲ್ಲ. ಕೊನೆಗೂ ಮೇಷ್ಟ್ರು ಅವನ ಅಚ್ಚ ಬಿಳಿಯ ಗಡ್ಡ ನೋಡಿ, ರಂಗದ ನಡುವೆ ಅಲ್ಲಾಡದೆ ಮಲಗಿರುವ ಸತ್ತ ರಾಜನ ಪಾತ್ರ ಕೊಟ್ಟಿದ್ದರು. ಮಾತಿಲ್ಲ, ಹಾಡಿಲ್ಲ. ಆದರೂ ರಾಜ. ಅದೂ ಈಗ ಲೈಗೆ ಹೋದರೆ ಇನ್ನು ಜನ್ಮದಲ್ಲಿ ಬಣ್ಣವಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಯ ಹಲಗೆ ತೆಗೆಯುವ ಮೊದಲೇ ಅವನು ಪು ವೈದ್ಯರ ಬಾಗಿಲಲ್ಲಿ ನಿಂತಿದ್ದ. ಪು ವೈದ್ಯರು ಎರಡೂ ಕೈಯ ನಾಡಿ ಹಿಡಿದರು, ನಾಲಗೆ ಚಾಚಿಸಿದರು, ಬೆನ್ನಿಗೆ ಕಿವಿಯಿಟ್ಟು ಕೇಳಿದರು.

"ಇದು ಹಳೇ ಬಾಡಿಗೆದಾರ ಕಣಪ್ಪ. ಮನೆ ಖಾಲಿ ಮಾಡಲ್ಲ. ಒಂದೆರಡು ದಿನ ಬಾಯಿ ಮುಚ್ಕೊಂಡಿರೋ ಹಾಗೆ ಮಾಡ್ಬಹುದು ಅಷ್ಟೆ."

"ಇವತ್ತು ಸಂಜೆ ಒಂದು ಮುಚ್ಕೊಂಡ್ರೆ ಸಾಕು ವೈದ್ಯರೇ."

ವೈದ್ಯರ ಹಿಂದೆ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಮರದ ಖಾನೆಗಳು. ಒಂದೊಂದನ್ನೇ ಎಳೆದು ತೂಗಿ ಕಾಗದದ ಮೇಲೆ ಸುರಿದರು. ಹಿಪ್ಪುನೇರಳೆ ಬೇರಿನ ತೊಗಟೆ, ಏಪ್ರಿಕಾಟ್ ಬೀಜ, ಜ್ಯೇಷ್ಠಮಧು, ಒಣಗಿದ ಕಿತ್ತಳೆ ಸಿಪ್ಪೆ, ಮೇಲಿನ ಬೆಟ್ಟಗಳಿಂದ ಬರುವ ಬೆಳ್ಳುಳ್ಳಿ ಎಸಳಿನಂಥ ಬಿಳಿ ಗಡ್ಡೆ. ಪೊಟ್ಟಣ ಕಟ್ಟುತ್ತ ಹೇಳಿದರು: "ಮಣ್ಣಿನ ಗಡಿಗೇಲೇ ಕುದಿಸ್ಬೇಕು. ಕಬ್ಬಿಣದ ಬಾಣಲೇಲಿ ಕುದಿಸಿದ್ರೆ ಮದ್ದು ಸತ್ತುಹೋಗುತ್ತೆ. ಮೆಣಸಿನಕಾಯಿ ಮುಟ್ಬೇಡ."

"ಒಂದೂ?"

"ವಾಸನೆ ಕೂಡ ನೋಡ್ಬೇಡ."

ಮೆಣಸಿನಕಾಯಿಯಿಲ್ಲದ ದಿನವೂ ಒಂದು ದಿನವೇ ಎಂದುಕೊಳ್ಳುತ್ತ ಕುವಾಂಗ್ ಮನೆಗೆ ಬಂದ. ಹೆಂಡತಿ ಯೂಲಿಯಾನ್ ಪೊಟ್ಟಣ ಬಿಚ್ಚಿ ಮೂಸಿ, "ಗಡಿಗೆ ಎಲ್ಲಿ?" ಎಂದಳು.

ತೊಂದರೆ ಶುರುವಾದದ್ದು ಇಲ್ಲಿ. ನಮ್ಮ ಮೆಟ್ಟಿಲು ಬೀದಿಗೆಲ್ಲ ಇದ್ದದ್ದು ಒಂದೇ ಮದ್ದಿನ ಗಡಿಗೆ. ಮನೆಮನೆಯ ಜ್ವರ, ಭೇದಿ, ಬಾಣಂತನಗಳನ್ನೆಲ್ಲ ಕುದಿಸಿ ಕುದಿಸಿ ಒಳಗೂ ಹೊರಗೂ ಕಪ್ಪಾದ, ಮೂತಿ ಸ್ವಲ್ಪ ಮುಕ್ಕಾದ ಗಡಿಗೆ. ಅದನ್ನು ಒಯ್ದವರು ಹಿಂದಿರುಗಿಸುವ ಹಾಗಿಲ್ಲ. ಮದ್ದಿನ ಗಡಿಗೆ ಹಿಡಿದು ಇನ್ನೊಬ್ಬರ ಹೊಸಿಲು ತುಳಿದರೆ ಕಾಯಿಲೆಯನ್ನೇ ಹೊತ್ತು ತಂದು ಇಳಿಸಿದ ಹಾಗೆ. ಯಾರಿಗೆ ಬೇಕೋ ಅವರೇ ಹೋಗಿ ಎತ್ತಿಕೊಂಡು ಬರಬೇಕು. ಹಾಗಾಗಿ ಗಡಿಗೆ ಕಡೆಯದಾಗಿ ಕಾಯಿಲೆ ಬಿದ್ದವರ ಮನೆಯಲ್ಲೇ ಕೂತಿರುತ್ತದೆ. ಅದು ಯಾರ ಮನೆ ಎಂದು ಅವರನ್ನು ಬಿಟ್ಟು ಯಾರಿಗೂ ಗೊತ್ತಿರುವುದಿಲ್ಲ.

"ಪೇಟೇಲಿ ಹೊಸದು ಸಿಗುತ್ತಲ್ಲ" ಎಂದ ಕುವಾಂಗ್.

"ಹೊಸ ಗಡಿಗೆ ಮನೇಲಿಟ್ರೆ ಅದು ಖಾಲಿ ಕೂರುತ್ತಾ? ತುಂಬ್ಸೋಕೆ ಒಬ್ರನ್ನ ಹುಡ್ಕುತ್ತೆ. ಇದೊಂದು ಕೆಮ್ಮು ಸಾಲ್ದಾ ನನಗೆ? ಹೋಗು ಮುದುಕಪ್ಪ, ಕೇಳ್ಕೊಂಡು ಬಾ."

ಮೊದಲು ಹೋದದ್ದು ಮೂರು ಮನೆ ಕೆಳಗಿನ ಶಿಯೊಂಗ್ ಅಕ್ಕನ ಹತ್ತಿರ. ಬೆಳಗಾಗೆದ್ದು ಸೋಯಾ ಹಾಲು ಹೆಪ್ಪುಗಟ್ಟಿಸಿ ತೌಫು ಮಾಡಿ ಮಾರುವ ಹೆಂಗಸು. ತೋಳು ಕಂಬದ ಹಾಗೆ, ದನಿ ಹಡಗಿನ ಸೀಟಿಯ ಹಾಗೆ.

"ಗಡಿಗೆನಾ? ನನ್ನ ಮನೇಲಾ? ನಾನು ಹುಷಾರಿಲ್ದೆ ಮಲಗಿದ್ದು ನೋಡಿದೀಯಾ ಕುವಾಂಗಣ್ಣ?"

"ನಿನಗಲ್ಲಕ್ಕ. ಮನೇಲಿ ಬೇರೆ ಯಾರಿಗಾದ್ರೂ."

"ಬೇಸಿಗೇಲಿ ಸೊಸೆಗೆ ಬೇಕಾಗಿತ್ತು. ಯಾಕೆ ಅಂತ ಕೇಳ್ಬೇಡ. ಆಮೇಲೆ ಆ ಕ್ಷೌರದ ಲೈ ಬಂದು, ಟೋಪಿ ಕಣ್ಣಿನ ತನಕ ಎಳ್ಕೊಂಡು, ಕಳ್ಳನ ಹಾಗೆ ಎತ್ಕೊಂಡು ಹೋದ. ಇರು, ಇರು. ಆ ಕೆಮ್ಮು ಹೊತ್ಕೊಂಡು ಎಲ್ಲಿಗೆ ಓಡ್ತೀಯ? ಕೂತ್ಕೋ."

ಮೂಲಂಗಿಯ ತಿರುಳು ತೆಗೆದು ಅದರಲ್ಲಿ ಮೊಳಕೆ ಧಾನ್ಯದ ಪಾಕ ಸುರಿದು ಇಟ್ಟಿದ್ದಳು. ಅದರ ರಸ ಒಂದು ಬಟ್ಟಲು ಕುಡಿಸಿದಳು. ಎದೆಗೆ ಇನ್ನೂ ಒಳ್ಳೆಯದು ಹಂದಿಯ ಶ್ವಾಸಕೋಶದ ಸಾರು, ಹಂದಿಯ ಎದೆ ಮನುಷ್ಯನ ಎದೆಯನ್ನು ಸರಿಮಾಡುತ್ತದೆ, ಒಲೆಯ ಮೇಲಿದೆ ಎಂದಳು. ಅದೂ ಒಂದು ಬಟ್ಟಲು ಹೋಯಿತು. ತುಂಬಿದ ಬಿಂದಿಗೆಯ ಹಾಗೆ ಕುಲುಕಾಡುತ್ತ ಅವನು ಮೆಟ್ಟಿಲು ಹತ್ತಿ ಲೈಯ ಅಂಗಡಿಗೆ ಬಂದ.

ಲೈ ಅವನನ್ನು ನೋಡಿದ್ದೇ ಟೋಪಿ ಸರಿಮಾಡಿಕೊಂಡ.

"ಬನ್ನಿ ಮಹಾಪ್ರಭು. ಇನ್ನೂ ಸತ್ತಿಲ್ವಾ?"

"ಸಂಜೆಗೆ ಸಾಯ್ತೀನಿ. ಗಡಿಗೆ ನಿನ್ನ ಹತ್ರ ಇದೆಯಂತೆ."

"ಯಾರು ಹೇಳಿದ್ದು? ಆ ತೌಫು ಅಕ್ಕನಾ? ನನಗೇನು ಬಂದಿದೆ ಕಾಯಿಲೆ? ಗುಂಡುಕಲ್ಲಿನ ಹಾಗಿದೀನಿ. ಕೂತ್ಕೋ ಕುವಾಂಗಣ್ಣ, ಗಡ್ಡದ ಅಂಚು ಸಮ ಮಾಡ್ತೀನಿ. ನೀನು ರಾಜನಾದ್ರೂ ಸರಿ, ನಾನಾದ್ರೂ ಸರಿ, ನಮ್ಮ ಬೀದಿಯ ರಾಜ ಕಾಡುಮನುಷ್ಯನ ಹಾಗೆ ಮಲಗ್ಬಾರ್ದು."

ಕೂರಬಾರದಿತ್ತು. ಆದರೆ ಹೊಟ್ಟೆಯ ಭಾರಕ್ಕೆ ಕಾಲು ಸೋತಿದ್ದವು, ಕುರ್ಚಿ ಮೆತ್ತಗಿತ್ತು. ಲೈ ಬಿಸಿ ಬಟ್ಟೆ ಹಾಕಿದ, ನೊರೆ ಹಚ್ಚಿದ, ಕತ್ತಿ ಮಸೆದ. ಕತ್ತಿ ಬಲಗೆನ್ನೆಯ ಮೇಲೆ ಬಂದ ಗಳಿಗೆಗೆ ಸರಿಯಾಗಿ ಒಳಗಿನ ಬೆಂಚು ದರದರ ಎಂದಿತು. ಲೈಯ ಕೈ ಹಾರಿತು. ಕನ್ನಡಿಯಲ್ಲಿ ನೋಡಿದರೆ ಬಲಗಡೆ ನುಣ್ಣಗೆ ಬೋಳು, ಎಡಗಡೆ ಬಿಳಿಯ ಜಲಪಾತ.

ಲೈ ಕತ್ತಿ ಕೆಳಗಿಟ್ಟ.

"ನಾನು ಬೇಕು ಅಂತ ಮಾಡ್ಲಿಲ್ಲ" ಎಂದ ಲೈ. ನಿಜಕ್ಕೂ ಅವನ ಮುಖ ಸಣ್ಣದಾಗಿತ್ತು. "ಪಾತ್ರ ನನಗೇ ಸಿಗ್ಲಿ ಅಂತ ಆಸೆ ಇತ್ತು. ಆದ್ರೆ ಗಡ್ಡ ತೆಗೀಬೇಕು ಅಂತ ಇರ್ಲಿಲ್ಲ. ನನ್ನ ಅಪ್ಪನಾಣೆ."

"ಇನ್ನೊಂದು ಕಡೇದೂ ತೆಗೆದ್ಬಿಡಪ್ಪ. ಅರ್ಧ ರಾಜ ಆಗೋಕಾಗಲ್ಲ."

ಅದನ್ನೂ ತೆಗೆದ ಮೇಲೆ ಲೈಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲ ಪರದೆ ಎಳೆದು ಟೋಪಿ ತೆಗೆದ. ನೆತ್ತಿಯ ಮೇಲೆ ಮಳೆ ನಿಂತ ಅಂಗಳದ ಹಾಗೆ ಅಲ್ಲಲ್ಲಿ ನಾಲ್ಕು ಹುಲ್ಲು.

"ಇದಕ್ಕೇ ಒಯ್ದಿದ್ದು. ಕ್ಷೌರದವನ ತಲೇಲೇ ಕೂದಲಿಲ್ಲ ಅಂದ್ರೆ ಯಾರು ಬರ್ತಾರೆ ಹೇಳು. ಮದ್ದು ಕುಡಿದು ಬಂದಿದ್ದು ಭೇದಿ ಒಂದೇ. ಯಾರಿಗೂ ಹೇಳ್ಬೇಡ ಕುವಾಂಗಣ್ಣ. ಗಡಿಗೇನ ಯಾನ್ ಮೇಷ್ಟ್ರು ಬಂದು ಎತ್ಕೊಂಡು ಹೋದ್ರು. ಅವರೂ ಯಾರಿಗೂ ಹೇಳ್ಬೇಡ ಅಂದ್ರು. ಹೇಳ್ಬಿಟ್ಟೆ ನೋಡು."

ಪಶ್ಚಾತ್ತಾಪಕ್ಕೆಂದು ಲೈ ಕಲ್ಲುಸಕ್ಕರೆ ಹಾಕಿ ಬೇಯಿಸಿದ ಪೇರು ಹಣ್ಣೊಂದನ್ನು ತಿನ್ನಿಸಿಯೇ ಕಳಿಸಿದ. ಕೆಮ್ಮಿಗೆ ಅದರಷ್ಟು ತಂಪು ಬೇರೆ ಇಲ್ಲವಂತೆ.

ಯಾನ್ ಮೇಷ್ಟ್ರು ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಬಾಯಲ್ಲಿ ಏನೋ ಚೀಪುತ್ತ ಕೂತಿದ್ದರು. ಕುವಾಂಗನ ಬೋಳು ಗಲ್ಲ ನೋಡಿ ಕಣ್ಣು ಅಗಲವಾದವು, ಬಾಯಿ ಮಾತ್ರ ತೆರೆಯಲಿಲ್ಲ. ಸಂಜೆಗೆ ಕಂಠ ಉಳಿಸುತ್ತಿದ್ದೇನೆ ಎಂದು ಸನ್ನೆ ಮಾಡಿದರು.

"ಗಡ್ಡ ಹೋಯ್ತು ಮೇಷ್ಟ್ರೇ. ಕೆಮ್ಮೂ ಹೋಗುತ್ತೆ. ಗಡಿಗೆ ಇದ್ರೆ ಎತ್ಕೋತೀನಿ."

ಮೇಷ್ಟ್ರು ಬಾಗಿಲ ಆಚೆ ಈಚೆ ನೋಡಿದರು. ಅಡುಗೆಮನೆಯ ಮೂಲೆಗೆ ಬೆರಳು ತೋರಿಸಿ, ಗಾಳಿಯಷ್ಟೇ ದನಿಯಲ್ಲಿ, "ನಮ್ಮವಳ ಸೊಂಟ. ಬಗ್ಗೋಕೂ ಆಗಲ್ಲ, ಪಾಪ" ಎಂದರು. ಅಷ್ಟರಲ್ಲಿ ಅವರ ಹೆಂಡತಿ ಹೆಗಲ ಅಡ್ಡೆಗೆ ಎರಡು ಬಕೆಟ್ ನೀರು ತೂಗಿಸಿಕೊಂಡು ಮೆಟ್ಟಿಲು ಹತ್ತಿ ಬಂದು, ಎರಡನ್ನೂ ಬಗ್ಗಿ ಇಳಿಸಿ, ಕುವಾಂಗನನ್ನು ನೋಡಿ ನಕ್ಕಳು. ಅವನ ಕಣ್ಣೆಲ್ಲ ಗಡಿಗೆಯ ಮೇಲೇ ಇತ್ತು. ಎತ್ತಿ ಎದೆಗೆ ಅವುಚಿಕೊಂಡ. ಮೇಷ್ಟ್ರು ಪೆಟ್ಟಿಗೆಯಿಂದ ಕುದುರೆ ಕೂದಲಿನ ಉದ್ದನೆಯ ಗಡ್ಡವೊಂದನ್ನು ತೆಗೆದು ಅವನ ಹೆಗಲ ಮೇಲೆ ಹಾಕಿದರು. ತಂತಿಯನ್ನು ಕಿವಿಗೆ ಸಿಕ್ಕಿಸಿದರೆ ಮೂಗಿನ ಕೆಳಗಿನಿಂದ ಹೊಟ್ಟೆಯ ತನಕ ಎಲ್ಲ ಮುಚ್ಚಿಹೋಗುತ್ತದೆ.

ಮನೆಯಲ್ಲಿ ಯೂಲಿಯಾನ್ ಗಂಡನ ಮುಖ ನೋಡಿ, "ಇದ್ಯಾರು ನನ್ನ ಮನೆಗೆ ಬಂದಿರೋದು?" ಎಂದಳು. ಆಮೇಲೆ ಗಡಿಗೆಯೊಳಗೆ ಮೂಗಿಟ್ಟಳು. "ಸೊಂಟ ಅಂದ್ರಾ? ಲೋಕಾಟ್ ಎಲೆ ವಾಸನೆ ಬರ್ತಿದೆ. ಸೊಂಟಕ್ಕೆ ಯಾರು ಕೊಡ್ತಾರೆ ಲೋಕಾಟ್ ಎಲೆ?"

"ಸೊಂಟವೋ ಮಂಡಿಯೋ, ಬೇಗ ಕುದಿಸೇ ಮುದುಕಿ. ಹೊತ್ತಾಯ್ತು."

ಮದ್ದು ಕುದಿಯಿತು. ಕಡುಗಪ್ಪು, ಕಹಿ, ಬೇಲಿ ಸುಟ್ಟ ವಾಸನೆ. ಕುವಾಂಗ್ ಮೂಗು ಹಿಡಿದು ಕುಡಿದ, ಮತ್ತೆ ಕುದಿಸಿದ್ದನ್ನೂ ಕುಡಿದ. ಯೂಲಿಯಾನ್ ಗಸಿಯನ್ನು ಬುಟ್ಟಿಯಲ್ಲಿ ಒಯ್ದು ಮೆಟ್ಟಿಲುಗಳು ಕೂಡುವ ಕಡೆ ಸುರಿದು ಬಂದಳು. ನಾಲ್ಕು ಜನ ತುಳಿದರೆ ಕಾಯಿಲೆ ಅವರ ಕಾಲಿಗಂಟಿಕೊಂಡು ದೂರ ಹೋಗುತ್ತದಲ್ಲ, ಅದಕ್ಕೆ. ಹೊಳೆಯ ಕಡೆಯಿಂದ ಬಂದ ಯಾರೋ ಅಪರಿಚಿತ ತುಳಿದುಕೊಂಡು ಹೋದದ್ದನ್ನು ನೋಡಿಯೇ ಸಮಾಧಾನವಾಗಿ ಒಳಗೆ ಬಂದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕುವಾಂಗನಿಗೆ ಒಂದು ವಿಚಿತ್ರ ತಿಳಿಯಿತು. ಮನೆಯಲ್ಲಿ ಏನೋ ಕಡಿಮೆಯಾಗಿದೆ. ಗಡಿಯಾರ ನಿಂತಾಗ ಹಾಗೆನಿಸುತ್ತದೆ. ಕಿವಿಗೊಟ್ಟು ಕೇಳಿದ. ಎದೆ ಗಾಳಿಯಿಲ್ಲದ ಕೆರೆಯ ಹಾಗೆ ಸುಮ್ಮನಿತ್ತು.

ಸಂಜೆ ಚಹಾಮನೆಯಲ್ಲಿ ಒಂದು ಕಾಲು ಇಡಲು ಜಾಗವಿರಲಿಲ್ಲ. ಸೂರ್ಯಕಾಂತಿ ಬೀಜ ಒಡೆಯುವ ಸದ್ದು, ಮುಚ್ಚಳದ ಬಟ್ಟಲುಗಳ ಸದ್ದು. ಶಿಯೊಂಗ್ ಅಕ್ಕ ಮೊದಲ ಸಾಲಿನಲ್ಲಿ ಎರಡು ಜನರ ಜಾಗದಲ್ಲಿ ಕೂತಿದ್ದಳು. ಅವಳ ಪಕ್ಕದ ಲೈ ಟೋಪಿಯ ಕೆಳಗಿನಿಂದ ರಂಗವನ್ನೇ ನೋಡುತ್ತಿದ್ದ. ಅಕಸ್ಮಾತ್ ಬೇಕಾದೀತೆಂದು ಅವನು ಮನೆಯಿಂದಲೇ ಮುಖಕ್ಕೆ ಬಿಳಿ ಬಣ್ಣ ಹಚ್ಚಿಕೊಂಡು ಬಂದಿದ್ದ. ಯೂಲಿಯಾನ್ ಅವರ ಹಿಂದೆ ಕೂತಿದ್ದಳು.

ಪರದೆ ಸರಿಯಿತು. ಹಳದಿ ನಿಲುವಂಗಿ ತೊಟ್ಟು, ಕುದುರೆ ಕೂದಲಿನ ಗಡ್ಡ ಎದೆಯ ಮೇಲೆ ಹರಡಿಕೊಂಡು ರಾಜ ಸತ್ತು ಮಲಗಿದ್ದ. ಎಷ್ಟು ಚೆನ್ನಾಗಿ ಸತ್ತಿದ್ದನೆಂದರೆ ಶಿಯೊಂಗ್ ಅಕ್ಕನ ಬಾಯಿಂದ "ಅಯ್ಯೋ ಪಾಪ" ಎಂದು ಬಂದೇಬಿಟ್ಟಿತು. ಗಡ್ಡ ಮೂಗಿಗೆ ಕಚಗುಳಿ ಇಡುತ್ತಿತ್ತು. ಕುವಾಂಗ್ ಜಗ್ಗಲಿಲ್ಲ. ಹೊಟ್ಟೆಯೊಳಗೆ ಮೂಲಂಗಿ, ಹಂದಿ, ಪೇರು ಮೂರೂ ಸೇರಿ ಮಾತಾಡುತ್ತಿದ್ದವು. ಮೇಳದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಜೀವಮಾನದ ಆಸೆ ಕೈಗೂಡಿದ ಆನಂದದಲ್ಲಿ ಅವನು ಇನ್ನಷ್ಟು ಸತ್ತ.

ರಾಣಿ ಬಂದಳು. ನಿಲುವಂಗಿಯ ಮೊಳಗಟ್ಟಲೆ ಉದ್ದದ ಬಿಳಿಯ ತೋಳುಗಳನ್ನು ಬೀಸಿ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ತೇಲಿ ಬಂದು ರಾಜನ ಎದೆಯ ಮೇಲೆ ಬಿದ್ದಳು. ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡಳು. ಮೇಳ ನಿಂತಿತು. ಬೀಜ ಒಡೆಯುವ ಸದ್ದೂ ನಿಂತಿತು. ಎಲ್ಲರೂ ಆ ಒಂದು ಎಳೆಯ ಅಳುವಿನ ದನಿಗೆ ಕಾದರು.

ಕೆಮ್ಮು ಕೇಳಿಸಿತು.

ಕುವಾಂಗನ ಜೀವ ಹಾರಿಹೋಯಿತು. ಹೋಯಿತು, ಎಲ್ಲ ಹೋಯಿತು ಎಂದುಕೊಂಡ. ಮರುಗಳಿಗೆಗೆ ಗೊತ್ತಾಯಿತು, ತನ್ನ ಎದೆ ಅಲ್ಲಾಡಿಲ್ಲ. ಅಲ್ಲಾಡಿದ್ದು ಎದೆಯ ಮೇಲಿದ್ದ ತಲೆ. ಬಿಳಿಯ ತೋಳಿನೊಳಗೆ ಯಾನ್ ಮೇಷ್ಟ್ರು ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದನ್ನು ಒಳಗೇ ಒತ್ತುತ್ತಿದ್ದರು. ಒತ್ತಿದ್ದು ನಿಲ್ಲಲಿಲ್ಲ. ಮೊದಲನೆಯದಕ್ಕಿಂತ ದೊಡ್ಡದೊಂದು ಹೊರಟಿತು. ಕೆಮ್ಮಿಗೆ ಕುದಿಸುವ ಲೋಕಾಟ್ ಎಲೆಯ ವಾಸನೆ ರಾಜನ ಮೂಗಿಗೆ ಬಡಿಯಿತು. ಸೊಂಟ ಯಾರದೆಂದು ಆಗ ಅವನಿಗೆ ತಿಳಿಯಿತು.

ಆದರೆ ರಂಗದ ಎದುರಿಗಿದ್ದ ಜನಕ್ಕೆ ಅದು ತಿಳಿಯಲಿಲ್ಲ. ನಮ್ಮ ಬೀದಿಯಲ್ಲಿ ಕೆಮ್ಮು ಎಂದರೆ ಕುವಾಂಗ್. ರಾಜನ ಬಾಯಿ ಗಡ್ಡದ ಹಿಂದೆ, ರಾಣಿಯ ಬಾಯಿ ತೋಳಿನ ಹಿಂದೆ.

"ಕುವಾಂಗಣ್ಣಾ, ಸತ್ತ ಮೇಲಾದ್ರೂ ಸುಮ್ನಿರು" ಎಂದು ಹಿಂದಿನಿಂದ ಯಾರೋ ಕೂಗಿದರು. ಚಹಾಮನೆ ಬಿದ್ದು ಬಿದ್ದು ನಕ್ಕಿತು.

"ನಾನಾಗಿದ್ರೆ ಕಮಕ್ ಕಿಮಕ್ ಅಂತಿರ್ಲಿಲ್ಲ" ಎಂದು ಬಿಳಿಮುಖದ ಲೈ ಎದ್ದು ನಿಂತ. ಶಿಯೊಂಗ್ ಅಕ್ಕ ಅವನ ಅಂಗಿ ಹಿಡಿದು ಕೂರಿಸಿದಳು.

ಕುವಾಂಗನಿಗೆ ಎದ್ದು ಕೂತು, ನಾನಲ್ಲ, ಇವರು, ಎಂದು ಬೆರಳು ತೋರಿಸಬೇಕೆನಿಸಿತು. ಆದರೆ ಸತ್ತವನು ಎದ್ದು ಸಾಕ್ಷಿ ಹೇಳುವುದು ಹೇಗೆ? ಎದ್ದರೆ ಆಟ ಕೆಡುತ್ತದೆ, ಕೆಡಿಸಿದವನು ಅವನೇ ಆಗುತ್ತಾನೆ. ಮಲಗೇ ಇದ್ದರೆ ಕೆಮ್ಮಿದವನು ಅವನಾಗುತ್ತಾನೆ. ಅವನು ಮಲಗೇ ಇದ್ದ. ರಾಜನಲ್ಲವೇ.

ಆಗ ರಾಣಿ ತಲೆಯೆತ್ತಿದಳು. ಮೂರೂ ಕಡೆಗೆ ತೋಳು ಬೀಸಿ, ಬರವಣಿಗೆಯಲ್ಲಿಲ್ಲದ ಒಂದು ಸಾಲನ್ನು, ಕೆಮ್ಮು ಕಳಚಿದ ತಿಳಿಯಾದ ಕಂಠದಲ್ಲಿ ಎತ್ತಿ ಹಾಡಿದಳು:

"ಪ್ರಾಣ ಬಿಟ್ಟರೂ ದೊರೆಯೇ, ನಿನ್ನ ಕೆಮ್ಮು ಬಿಡಲಿಲ್ಲವೇ."

ಮಾಡು ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು. ಮುದುಕರು ಬಟ್ಟಲ ಮುಚ್ಚಳ ಬಡಿದರು. ಅಂಥ ಸಮಯಸ್ಫೂರ್ತಿ ಯಾನ್ ಮೇಷ್ಟ್ರಿಗೆ ಮಾತ್ರ ಸಾಧ್ಯ ಎಂದರು. ಆಮೇಲೆ ಮೇಷ್ಟ್ರಿಗೆ ಕೆಮ್ಮು ಬಂದಾಗೆಲ್ಲ ರಾಣಿ ರಾಜನ ಎದೆಯ ಮೇಲೆ ಬೀಳುತ್ತಿದ್ದಳು, ಕೆಮ್ಮು ಮುಗಿದ ಮೇಲೆ ಎದ್ದು ಅದೇ ಸಾಲು ಹಾಡುತ್ತಿದ್ದಳು. ಚಟ್ಟ ಹೊತ್ತ ನಾಲ್ವರು ನಗು ತಡೆಯಲಾರದೆ ಕುಲುಕಿದ್ದಕ್ಕೆ ರಾಜ ಎರಡು ಸಲ ಕೆಳಗೆ ಬೀಳುವುದರಲ್ಲಿದ್ದ. ಆಗಲೂ ಅವನು ಕಣ್ಣು ಬಿಡಲಿಲ್ಲ.

ಪರದೆಯ ಹಿಂದೆ ಮೇಷ್ಟ್ರು ಎರಡೂ ಕೈಯಲ್ಲಿ ಚಹಾ ಬಟ್ಟಲು ಹಿಡಿದು ಅವನೆದುರು ಬಂದರು. ಮುಖದ ಅರ್ಧ ಇನ್ನೂ ರಾಣಿ, ಅರ್ಧ ಟಿಕೆಟ್ ಗುಮಾಸ್ತ.

"ಕುವಾಂಗ್, ನೀನು ಕುಡೀಬೇಕು ಇದನ್ನ."

"ನಿಮಗೆ ಯಾವಾಗಿಂದ ಮೇಷ್ಟ್ರೇ?"

"ಕಳೆದ ಚಳಿಗಾಲದಿಂದ. ಜನಕ್ಕೆ ಗೊತ್ತಾದ್ರೆ ರಾಣಿಗೆ ದಮ್ಮಿಲ್ಲ ಅಂತ ಆಚೆ ದಡದೋರು ಬರೋದು ನಿಲ್ಲಿಸ್ತಾರೆ." ದನಿ ಮೆತ್ತಗಾಯಿತು. "ನಿನ್ನ ಹಾಗೆ ಸಾಯೋನ್ನ ನಾನು ನೋಡಿಲ್ಲ. ಈ ಚಳಿಗಾಲ ಪೂರ್ತಿ ರಾಜ ನೀನೇ. ಮುಂದಿನ ಚಳಿಗಾಲವೂ ನೀನೇ. ಒಂದೇ ಮಾತು, ನಿನಗೆ ಗುಣ ಆಯ್ತು ಅಂತ ಯಾರಿಗೂ ಗೊತ್ತಾಗ್ಬಾರ್ದು."

"ಹಂಗಂದ್ರೆ?"

"ದಿನಕ್ಕೊಂದೆರಡು ಸಲ ಬಾಗಿಲಲ್ಲಿ ಕೂತು ಕೆಮ್ಮಪ್ಪ. ಮತ್ತೆ ಆ ಗಡಿಗೆ. ನಾನು ಬಂದು ಎತ್ಕೊಂಡು ಹೋದ್ರೆ ಬೀದೀಗೆಲ್ಲ ಗೊತ್ತಾಗುತ್ತೆ. ನಿನ್ನ ಮನೇಲೇ ನನ್ನದೂ ಕುದೀಲಿ. ವಾಸನೆ ನಿನ್ನ ಮನೆಯಿಂದ ಬಂದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ."

ಮನೆಗೆ ಹೋಗುವ ಮೆಟ್ಟಿಲಿನಲ್ಲಿ ಯೂಲಿಯಾನ್ ಗಂಡನ ತೋಳು ಹಿಡಿದುಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಹೇಳಿದಳು: "ಅದು ನಿನ್ನದಲ್ಲ."

"ಏನು?"

"ಕೆಮ್ಮು. ಮೂವತ್ತು ವರ್ಷದಿಂದ ಪಕ್ಕದಲ್ಲಿ ಮಲಗಿ ಕೇಳಿದೀನಿ, ನನಗೆ ಗೊತ್ತಾಗಲ್ವಾ? ನಿಂದು ಬೆಂಚು ಎಳೆದ ಹಾಗೆ. ಅದು ಕೋಳಿ ಹಿಡಿದ ಹಾಗಿತ್ತು."

ಕುವಾಂಗ್ ಅವಳ ಕೈಯನ್ನು ತೋಳಿಗೆ ಒತ್ತಿಕೊಂಡ. ಅವನಿಗೆ ಅಷ್ಟು ಸಾಕಾಗಿತ್ತು.

ಮಾರನೆಯ ಬೆಳಿಗ್ಗೆ ಗಡಿಗೆಯಲ್ಲಿ ಮೇಷ್ಟ್ರ ಲೋಕಾಟ್ ಎಲೆ ಕುದಿಯುತ್ತಿತ್ತು. ಕುವಾಂಗ್ ಬಾಗಿಲಲ್ಲಿ ಸಣ್ಣ ಸ್ಟೂಲು ಹಾಕಿಕೊಂಡು ಬಿಸಿಲಿಗೆ ಕೂತ. ಎದುರಿನ ಮೇಲ್ಕಿಟಕಿಯಲ್ಲಿ ಉಣ್ಣೆಯ ಬಟ್ಟೆ ಸುತ್ತಿದ ಕುತ್ತಿಗೆಯೊಂದು ಕಾಣಿಸಿತು, ಎರಡು ಕಣ್ಣು ಬೇಡಿಕೊಂಡವು. ಕುವಾಂಗ್ ಎದೆ ತುಂಬ ಗಾಳಿ ಎಳೆದುಕೊಂಡ. ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ಎಳೆದ. ಅಷ್ಟು ವರ್ಷ ಕರೆಯದೆ ಬಂದದ್ದು ಈಗ ಕರೆದರೂ ಬರಲಿಲ್ಲ. ಬರಿಯ ಗಾಳಿ, ತಣ್ಣಗೆ, ಹಗುರಾಗಿ, ಒಳಗೆ ಹೋಗಿ ಹೊರಗೆ ಬಂತು.

ತೌಫು ಗಾಡಿ ತಳ್ಳಿಕೊಂಡು ಬಂದ ಶಿಯೊಂಗ್ ಅಕ್ಕ ಅವನು ಬಾಯಿ ತೆರೆಯುವುದನ್ನೂ ಮುಚ್ಚುವುದನ್ನೂ ನಿಂತು ನೋಡಿದಳು. ಅವಳ ಕಣ್ಣು ತೇವವಾಯಿತು.

"ಅಯ್ಯೋ ಕುವಾಂಗಣ್ಣ, ಕೆಮ್ಮೋಕೂ ತ್ರಾಣ ಇಲ್ದೆ ಹೋಯ್ತಲ್ಲೋ" ಎಂದು ಗಾಡಿ ಅಲ್ಲೇ ಬಿಟ್ಟು, ಹಂದಿಯ ಸಾರು ತರಲು ಮನೆಗೆ ಓಡಿದಳು. ಈ ಸಲ ಬಟ್ಟಲಲ್ಲಲ್ಲ, ಬೋಗುಣಿಯಲ್ಲಿ.